ಹಳೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸೋದಾ, ಹೊಸ ವಿಂಡೋಸ್ ಹಾಕಿಸೋದಾ?

ತಿಪಟೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ತಂಗಿ ಒಂದು ದಿನ ಬೆಳಿಗ್ಗೆಯೇ ಫೋನ್ ಮಾಡಿದಳು. “ಅಣ್ಣ, ಈ ಲ್ಯಾಪ್‌ಟಾಪ್ ಆನ್ ಆಗೋಷ್ಟ್ರಲ್ಲಿ ಹಾಲು ಕಾಯಿಸಿ ಇಳಿಸಬಹುದು. ಇಲ್ಲಿ ರಿಪೇರಿಯವ್ರು ವಿಂಡೋಸ್ ಹನ್ನೊಂದು ಹಾಕ್ಸಿ, ಸರಿಹೋಗುತ್ತೆ ಅಂತಾರೆ. ಪಕ್ಕದಂಗಡಿ ಹುಡುಗ ರ‍್ಯಾಮ್ ಜಾಸ್ತಿ ಮಾಡ್ಸಿ ಅಕ್ಕಾ ಅಂತಾನೆ. ಯಾರ ಮಾತು ಕೇಳಲಿ?”

ಇಬ್ಬರೂ ಲ್ಯಾಪ್‌ಟಾಪ್ ಮುಚ್ಚಳ ತೆರೆದು ನೋಡಿರಲಿಲ್ಲ. ಅದೇ ಮೊದಲ ತೊಂದರೆ.

ರ‍್ಯಾಮ್ (ತೆರೆದಿರುವ ಪ್ರೋಗ್ರಾಂಗಳು ಕೂರುವ ತಾತ್ಕಾಲಿಕ ಮೆಮೊರಿ) ಮತ್ತು ಆಪರೇಟಿಂಗ್ ಸಿಸ್ಟಂ (ವಿಂಡೋಸ್‌ನಂಥ, ಇಡೀ ಯಂತ್ರ ನಡೆಸುವ ತಂತ್ರಾಂಶ) ಎರಡು ಬೇರೆ ಬೇರೆ ಕಾಯಿಲೆಗೆ ಮದ್ದು. ಯಂತ್ರ ತೆವಳುತ್ತಿದ್ದರೆ ರ‍್ಯಾಮ್ ಕಡೆ ನೋಡಬೇಕು. ಯಂತ್ರಕ್ಕೆ ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತಿದ್ದರೆ, ಬ್ರೌಸರ್ ‘ಈ ವಿಂಡೋಸ್ ಹಳೆಯದಾಯಿತು’ ಎಂದು ಗೊಣಗುತ್ತಿದ್ದರೆ ಆಪರೇಟಿಂಗ್ ಸಿಸ್ಟಂ ಕಡೆ ನೋಡಬೇಕು. ಹೊಸ ವಿಂಡೋಸ್ ಹಾಕಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬಹುಶಃ ಫಾರ್ಮ್ಯಾಟ್ ಮಾಡಿದ ಮೇಲೆ ಬೇಡದ ಪ್ರೋಗ್ರಾಂಗಳೆಲ್ಲ ಹೋಗಿ ಎರಡು ವಾರ ಹಗುರವಾಗಿ ಓಡುತ್ತದಲ್ಲ, ಅದರಿಂದ ಇರಬೇಕು. ನಿಜದಲ್ಲಿ ಹೊಸ ವಿಂಡೋಸ್ ಜಾಸ್ತಿ ಜಾಗ, ಜಾಸ್ತಿ ಮೆಮೊರಿ ಕೇಳುತ್ತದೆ. 64 ಬಿಟ್ ವಿಂಡೋಸ್ 10ಕ್ಕೆ (32 ಬಿಟ್, 64 ಬಿಟ್ ಎಂದು ಅದರಲ್ಲಿ ಎರಡು ಬಗೆ) ಮೈಕ್ರೋಸಾಫ್ಟ್ ಹೇಳಿದ ಕನಿಷ್ಠ ರ‍್ಯಾಮ್ 2 ಜಿಬಿ. ವಿಂಡೋಸ್ 11ಕ್ಕೆ 4 ಜಿಬಿ.

ಹಾಗಾಗಿ ಪರ್ಸ್ ತೆಗೆಯುವ ಮೊದಲು ಹತ್ತು ನಿಮಿಷ ಯಂತ್ರದ ನಾಡಿ ನೋಡಿ.

ಟಾಸ್ಕ್ ಮ್ಯಾನೇಜರ್ ಏನು ಹೇಳುತ್ತದೆ?

ದಿನಾ ಮಾಡುವ ಕೆಲಸವನ್ನೆಲ್ಲ ತೆರೆದಿಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್, ವರ್ಡ್, ನುಡಿ, ವಾಟ್ಸ್‌ಆ್ಯಪ್, ಯಾವುದಿದ್ದರೂ ಸರಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ಗೆ ಹೋಗಿ ‘ಮೆಮೊರಿ’ ಒತ್ತಿ.

ಅಲ್ಲಿ ‘ಇನ್ ಯೂಸ್’ ಎಂದು ಒಂದು ಅಂಕಿ ಇರುತ್ತದೆ. ಎಲ್ಲರೂ ಅದನ್ನೇ ನೋಡುತ್ತಾರೆ. ನನಗೆ ಅದಕ್ಕಿಂತ ‘ಕಮಿಟೆಡ್’ ಎಂಬ ಅಂಕಿ ಮುಖ್ಯ. ಅದು ‘6.1/8.4 ಜಿಬಿ’ ಎನ್ನುವ ಹಾಗೆ ಜೋಡಿಯಾಗಿ ಇರುತ್ತದೆ. ಮೊದಲನೆಯದು ಪ್ರೋಗ್ರಾಂಗಳೆಲ್ಲ ಸೇರಿ ಕೇಳಿರುವ ಮೆಮೊರಿ. ನಿಮ್ಮ ಯಂತ್ರದಲ್ಲಿರುವ ರ‍್ಯಾಮ್ 4 ಜಿಬಿ, ಕೇಳಿರುವುದು 6 ಜಿಬಿ ಎಂದರೆ ಉಳಿದದ್ದು ಎಲ್ಲಿಗೆ ಹೋಗಬೇಕು? ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ.

ಅಡುಗೆಮನೆಯ ಕಟ್ಟೆ ಚಿಕ್ಕದಾಗಿದ್ದರೆ ಏನಾಗುತ್ತದೆ ನೋಡಿ. ಒಗ್ಗರಣೆ ಸೌಟು ಬೇಕೆಂದರೆ ಕೊಳದಪ್ಪಲೆಯನ್ನು ಅಟ್ಟಕ್ಕೆ ಏರಿಸಬೇಕು. ಕೊಳದಪ್ಪಲೆ ಬೇಕೆಂದರೆ ಮತ್ತೆ ಏಣಿ ಹತ್ತಬೇಕು. ಅಡುಗೆಗಿಂತ ಏಣಿ ಹತ್ತುವುದೇ ಜಾಸ್ತಿ. ರ‍್ಯಾಮ್ ಸಾಲದ ಕಂಪ್ಯೂಟರ್ ಮಾಡುವುದು ಇದನ್ನೇ. ಟ್ಯಾಬ್ ಬದಲಾಯಿಸಿದಾಗ ಪರದೆ ಕ್ಷಣ ಹೊತ್ತು ಬೆಳ್ಳಗೆ ನಿಲ್ಲುತ್ತದಲ್ಲ, ಅದು ಏಣಿ ಹತ್ತುತ್ತಿರುವ ಹೊತ್ತು.

ಈಗ ಅದೇ ಪುಟದಲ್ಲಿ ‘ಡಿಸ್ಕ್’ ಒತ್ತಿ. ಎಚ್‌ಡಿಡಿ (ಹಾರ್ಡ್ ಡಿಸ್ಕ್) ಎಂದಿದೆಯೋ ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಫೈಲ್ ಇಡುವ ಡ್ರೈವ್) ಎಂದಿದೆಯೋ ನೋಡಿ. ಎಚ್‌ಡಿಡಿ ಇದ್ದು, ಏನೂ ಮಾಡದೆ ಸುಮ್ನೆ ಕೂತಾಗಲೂ 100% ತೋರಿಸುತ್ತಿದ್ದರೆ, ರ‍್ಯಾಮ್ ಒಂದನ್ನೇ ಹಾಕಿಸಿ ಪೂರ್ತಿ ಗುಣ ಸಿಗುವುದಿಲ್ಲ. ಹಾರ್ಡ್ ಡಿಸ್ಕ್‌ನ ಒಳಗೆ ತಟ್ಟೆ ತಿರುಗುತ್ತದೆ, ಸೂಜಿಯಂಥ ತೋಳು ಅತ್ತಿಂದಿತ್ತ ಓಡುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ನಿಮಿಷಕ್ಕೆ 5400 ಸುತ್ತು. ಚೂರುಪಾರು ಫೈಲುಗಳನ್ನು ಹತ್ತು ಕಡೆಯಿಂದ ಹೆಕ್ಕಿ ತರಲು ಅದು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಒಂದೇ ಒಂದು ಬದಲಾವಣೆಗೆ ದುಡ್ಡಿದೆ ಎಂದರೆ, 4 ಜಿಬಿ ರ‍್ಯಾಮ್ ಹಾಗೇ ಇರಲಿ, ಮೊದಲು ಎಸ್‌ಎಸ್‌ಡಿ ಹಾಕಿಸಿ. ಪ್ರಶ್ನೆ ಕೇಳಿದ್ದು ರ‍್ಯಾಮ್ ಬಗ್ಗೆ, ವಿಂಡೋಸ್ ಬಗ್ಗೆ. ಆದರೂ ತುಂಬಾ ಸಲ ಉತ್ತರ ಈ ಮೂರನೆಯದು.

ರ‍್ಯಾಮ್ ಹಾಕಲು ಜಾಗ ಇದೆಯಾ?

ಮತ್ತೆ ‘ಮೆಮೊರಿ’ ಪುಟಕ್ಕೆ ಬನ್ನಿ. ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’ ಎಂದಿದ್ದರೆ ಒಂದು ಸ್ಲಾಟ್ ಖಾಲಿ, ನಿಮ್ಮ ಅದೃಷ್ಟ. ಎರಡೂ ತುಂಬಿದ್ದರೆ ಒಂದನ್ನು ತೆಗೆದು ದೊಡ್ಡದನ್ನು ಹಾಕಬೇಕು. ‘ಫಾರ್ಮ್ ಫ್ಯಾಕ್ಟರ್’ ಮುಂದೆ ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಅನ್ನು ಬೋರ್ಡ್‌ಗೇ ಬೆಸುಗೆ ಹಾಕಿದ್ದಾರೆ ಎಂದರ್ಥ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಅಂಥದ್ದರಲ್ಲಿ ಕೆಲವಕ್ಕೆ ಬೆಸುಗೆಯ ಜೊತೆಗೆ ಒಂದು ಸ್ಲಾಟ್ ಇರುತ್ತದೆ, ಕೆಲವಕ್ಕೆ ಅದೂ ಇರುವುದಿಲ್ಲ. ಮಾದರಿಯ ಹೆಸರು ಹಾಕಿ ಕಂಪನಿಯ ಕೈಪಿಡಿ ನೋಡಿಬಿಡಿ.

‘ಸ್ಪೀಡ್’ ಎದುರಿನ ಅಂಕಿಯಿಂದ ರ‍್ಯಾಮ್‌ನ ಜಾತಿ ಊಹಿಸಬಹುದು. 1333 ಅಥವಾ 1600 ಇದ್ದರೆ ಹೆಚ್ಚಾಗಿ ಡಿಡಿಆರ್3. 2133, 2400, 2666 ಇದ್ದರೆ ಡಿಡಿಆರ್4. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ. ಬಲವಂತವಾಗಿ ತುರುಕಿದರೆ ಸ್ಲಾಟೇ ಹೋಗುತ್ತದೆ. ಡಿಡಿಆರ್3ರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಾಮೂಲಿ ಡಿಡಿಆರ್3ಗೆ 1.5 ವೋಲ್ಟ್ ಬೇಕು, ಡಿಡಿಆರ್3ಎಲ್‌ಗೆ 1.35 ವೋಲ್ಟ್ ಸಾಕು. ನೋಡಲು ಎರಡೂ ಒಂದೇ ಥರ. ಹಾಗಾಗಿ ಹಳೇ ಸ್ಟಿಕ್ ಮೇಲಿನ ಚೀಟಿಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

32 ಬಿಟ್ ಎಂಬ ಗುಂಡಿ

ಎಷ್ಟೋ ಜನ ಬೀಳುವುದು ಇಲ್ಲೇ. ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಂ’, ಅದರೊಳಗೆ ‘ಅಬೌಟ್’ ತೆರೆಯಿರಿ. ‘ಸಿಸ್ಟಂ ಟೈಪ್’ ಎದುರು 32 ಬಿಟ್ ಆಪರೇಟಿಂಗ್ ಸಿಸ್ಟಂ ಎಂದಿದೆಯಾ? ಹಾಗಾದರೆ ರ‍್ಯಾಮ್ ಎಷ್ಟೇ ಹಾಕಿದರೂ ವಿಂಡೋಸ್ 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ. ಅದರಲ್ಲೂ ನಿಜಕ್ಕೆ ಕೈಗೆ ಸಿಗುವುದು ಮೂರು ಚಿಲ್ಲರೆ. ಎಂಟು ಜಿಬಿ ಹಾಕಿಸಿಕೊಂಡು ಬಂದು ‘ಏನೂ ವ್ಯತ್ಯಾಸ ಇಲ್ಲ, ಮೋಸ’ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಂತವರನ್ನು ನಾನು ನೋಡಿದ್ದೇನೆ.

ಅದೇ ಸಾಲಿನಲ್ಲಿ ‘ಎಕ್ಸ್64 ಆಧಾರಿತ ಪ್ರೊಸೆಸರ್’ ಎಂಬರ್ಥದ ಮಾತು ಇದ್ದರೆ ನಿಮ್ಮ ಯಂತ್ರ 64 ಬಿಟ್ ವಿಂಡೋಸನ್ನು ಓಡಿಸಬಲ್ಲದು. ಆಗ ಮಾತ್ರ ಸರದಿ ಉಲ್ಟಾ: ಮೊದಲು ಆಪರೇಟಿಂಗ್ ಸಿಸ್ಟಂ, ಆಮೇಲೆ ರ‍್ಯಾಮ್. ಈಗಿರುವ 32 ಬಿಟ್ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ವಿಂಡೋಸ್ 10ರ ಲೈಸೆನ್ಸ್ ಎರಡಕ್ಕೂ ನಡೆಯುತ್ತದೆ, ಮತ್ತೆ ಕೊಳ್ಳಬೇಕಿಲ್ಲ.

ವಿಂಡೋಸ್ 11 ನಿಮ್ಮ ಯಂತ್ರವನ್ನು ಒಪ್ಪುತ್ತದಾ?

ನಾವು ಹೊಸ ವಿಂಡೋಸನ್ನು ಒಪ್ಪಿದರೆ ಸಾಲದು, ಅದೂ ನಮ್ಮನ್ನು ಒಪ್ಪಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಏರ್ಪಾಡು), ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇವಕ್ಕಿಂತ ದೊಡ್ಡ ಗೋಡೆ ಪ್ರೊಸೆಸರ್. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನವು, ಎಎಂಡಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ರೈಜೆನ್ 3000 ಸರಣಿಯಿಂದ ಈಚಿನವು ಪಾಸ್. ಹೆಸರಲ್ಲೇ ತಲೆಮಾರು ಗೊತ್ತಾಗುತ್ತದೆ: ಐ5-8250ಯು ಅಂದರೆ 8ನೇದು, ಐ3-6006ಯು ಅಂದರೆ 6ನೇದು.

ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಂಡರೆ ಒಂದು ಬಟನ್‌ನಲ್ಲಿ ಉತ್ತರ ಸಿಗುತ್ತದೆ. ಅದು ಟಿಪಿಎಂ ಇಲ್ಲ ಎಂದು ಹೇಳಿದರೆ ತಕ್ಷಣ ಕೈಚೆಲ್ಲಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಆಫ್ ಆಗಿರುತ್ತದೆ. ಇಂಟೆಲ್‌ನವರು ಅದನ್ನು ಪಿಟಿಟಿ ಎನ್ನುತ್ತಾರೆ, ಎಎಂಡಿಯವರು ಎಫ್‌ಟಿಪಿಎಂ. ಆನ್ ಮಾಡಿ ಮತ್ತೆ ನೋಡಿ. ಪ್ರೊಸೆಸರ್ ಹಳೆಯದು ಎಂದು ಹೇಳಿದರೆ ಮಾತ್ರ ಅಲ್ಲಿಗೆ ಮುಗಿಯಿತು.

ಅಡ್ಡದಾರಿ ಇದೆ. ತಪಾಸಣೆ ತಪ್ಪಿಸಿ ಹಾಕಿಕೊಡುವವರೂ ಇದ್ದಾರೆ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮನೆಯಲ್ಲಿ ಪ್ರಯೋಗಕ್ಕೆ ಇಟ್ಟ ಯಂತ್ರವಾದರೆ ಮಾಡಿಕೊಳ್ಳಿ. ಗಿರಾಕಿಗಳ ಆಧಾರ್ ಪ್ರತಿ, ಬ್ಯಾಂಕ್ ಕೆಲಸ ಇರುವ ಅಂಗಡಿ ಯಂತ್ರಕ್ಕೆ ಬೇಡ.

ಈಗ ನಿರ್ಧಾರ

ಯಂತ್ರ 64 ಬಿಟ್, ಪ್ರೊಸೆಸರ್ ಪಾಸ್, ರ‍್ಯಾಮ್ 4 ಜಿಬಿ: ಮೊದಲು ರ‍್ಯಾಮ್ 8 ಮಾಡಿಸಿ, ಆಮೇಲೆ ವಿಂಡೋಸ್ 11. ಅಸಲಿ ಲೈಸೆನ್ಸಿನ ವಿಂಡೋಸ್ 10 ಇದ್ದರೆ ಅಪ್‌ಗ್ರೇಡ್ ಉಚಿತ. ಈ ಸರದಿ ತಪ್ಪಿಸಿದರೆ ಈಗ ತೆವಳುತ್ತಿರುವುದು ಆಮೇಲೆ ಮಲಗಿಬಿಡುತ್ತದೆ. ರ‍್ಯಾಮ್ ಆಗಲೇ 8 ಇದ್ದು ‘ಕಮಿಟೆಡ್’ ಅಂಕಿ ಅದರೊಳಗೇ ಇದ್ದರೆ ಹೊಸ ರ‍್ಯಾಮ್ ದಂಡ, ನೇರವಾಗಿ ವಿಂಡೋಸ್‌ಗೆ ಹೋಗಿ.

ಪ್ರೊಸೆಸರ್ ಫೇಲ್ ಆದರೆ ಸ್ವಲ್ಪ ಯೋಚಿಸಬೇಕು. ನನ್ನ ತಂಗಿಯದು ಇದೇ ಪರಿಸ್ಥಿತಿ: ಐ3-6006ಯು, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಇಂಥವರಿಗೆ ವಿಂಡೋಸ್ 10ರಲ್ಲೇ ಇದ್ದು ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಪಡೆಯುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿತು. ಅದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಸೆಟ್ಟಿಂಗ್ಸ್‌ನ ‘ವಿಂಡೋಸ್ ಅಪ್‌ಡೇಟ್’ ಪುಟದಲ್ಲಿ ನೋಂದಾಯಿಸಿಕೊಳ್ಳಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿದರೆ ದುಡ್ಡು ಕೊಡಬೇಕಿಲ್ಲ.

ಅದಾದ ಮೇಲೆ? ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಇದೆ. 2 ಜಿಬಿ ಇದ್ದರೂ ಓಡುತ್ತದೆ, 4 ಜಿಬಿ ಇದ್ದರೆ ಆರಾಮ. ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇರುವ ವಿಂಡೋಸನ್ನು ಮುಟ್ಟದೆಯೇ ಒಂದು ದಿನ ಓಡಿಸಿ ನೋಡಬಹುದು. ವೈಫೈ, ಪ್ರಿಂಟರ್, ಸ್ಕ್ಯಾನರ್ ಮೂರನ್ನೂ ಆಗಲೇ ಪರೀಕ್ಷೆ ಮಾಡಿ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಅದರಲ್ಲೂ ಸಿಗುತ್ತದೆ, ಬೆರಳಿನ ಅಭ್ಯಾಸ ಬದಲಾಗಬೇಕಿಲ್ಲ. ತೊಡಕು ಬೇರೆ ಕಡೆ ಇದೆ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿಟ್ಟ ಹಳೇ ಫೈಲುಗಳು ಆ ಫಾಂಟ್ ಇಲ್ಲದಿದ್ದರೆ ಬರೀ ಗೀಚಿದ ಹಾಗೆ ಕಾಣುತ್ತವೆ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ವಿಂಡೋಸ್‌ಗೇ ಮಾಡಿದ್ದು. ಲಗ್ನಪತ್ರಿಕೆ, ಅರ್ಜಿ ಫಾರಂ ಎಲ್ಲ ಹಳೇ ಫಾಂಟ್‌ನಲ್ಲಿರುವ ಡಿಟಿಪಿ ಅಂಗಡಿಯವರು ಇದನ್ನು ಮೊದಲೇ ತೂಗಿ ನೋಡಬೇಕು.

ಡಿಡಿಆರ್2 ಕಾಲದ ಕೋರ್ 2 ಡ್ಯುಯೊ ಯಂತ್ರ ಇಟ್ಟುಕೊಂಡವರಿಗೆ ಒಂದೇ ಮಾತು: ಅದಕ್ಕೆ ಇನ್ನು ಒಂದು ರೂಪಾಯಿಯೂ ಹಾಕಬೇಡಿ.

ಕೊಳ್ಳುವಾಗ, ಹಾಕುವಾಗ

2025ರ ಕೊನೆಯಿಂದ ರ‍್ಯಾಮ್ ದುಬಾರಿಯಾಗಿದೆ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿ ಮಾಡುವುದರ ಕಡೆಗೆ ಕಂಪನಿಗಳು ವಾಲಿರುವುದು ಮುಖ್ಯ ಕಾರಣ. ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ಒಂದಲ್ಲ, ನಾಲ್ಕು ಅಂಗಡಿ ಕೇಳಿ. ಹಳೇ ಡಿಡಿಆರ್3ಗೆ ಸೆಕೆಂಡ್ ಹ್ಯಾಂಡ್ ಸ್ಟಿಕ್ ತಪ್ಪೇನಲ್ಲ. ಆದರೆ ಲ್ಯಾಪ್‌ಟಾಪ್ ಜೊತೆಗೇ ಒಯ್ಯಿರಿ, ಅಲ್ಲೇ ಹಾಕಿಸಿ ಆನ್ ಮಾಡಿಸಿ, ವಾರಂಟಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ನೀವೇ ಹಾಕುವುದಾದರೆ ಚಾರ್ಜರ್ ಕೀಳಿ, ಬ್ಯಾಟರಿ ತೆಗೆಯಲು ಬಂದರೆ ತೆಗೆಯಿರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕೈಯಲ್ಲಿನ ಸ್ಥಿರ ವಿದ್ಯುತ್ ಹೋಗಲು ಯಾವುದಾದರೂ ಲೋಹದ ವಸ್ತು ಮುಟ್ಟಿ. ಸ್ಟಿಕ್ ಅನ್ನು ಓರೆಯಾಗಿ ಸ್ಲಾಟ್‌ಗೆ ಸೇರಿಸಿ, ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಎನ್ನಬೇಕು. ಚಿನ್ನದ ಬಣ್ಣದ ಅಂಚನ್ನು ಬೆರಳಲ್ಲಿ ಮುಟ್ಟಬೇಡಿ. ಹಳೇ ಸ್ಟಿಕ್‌ನ ಅಂಚು ಮಂಕಾಗಿದ್ದರೆ ನಮ್ಮ ರಿಪೇರಿಯವರು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜುತ್ತಾರಲ್ಲ, ಅದು ಕೆಲಸ ಮಾಡುತ್ತದೆ. ರಬ್ಬರ್ ಪುಡಿ ಸ್ಲಾಟ್‌ಗೆ ಬೀಳದಂತೆ ಆಚೆ ಹಿಡಿದು ಉಜ್ಜಬೇಕು ಅಷ್ಟೇ. ಆನ್ ಮಾಡಿದ ಮೇಲೆ ಪರದೆ ಕಪ್ಪಾಗೇ ಇದ್ದರೆ ಗಾಬರಿ ಬೇಡ, ಮುಕ್ಕಾಲು ಪಾಲು ಸ್ಟಿಕ್ ಪೂರ್ತಿ ಕೂತಿರುವುದಿಲ್ಲ. ತೆಗೆದು ಮತ್ತೆ ಹಾಕಿ. ಆಮೇಲೆ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಒಮ್ಮೆ ಓಡಿಸಿ.

ರ‍್ಯಾಮ್ ಹಾಕಿದ ದಿನವೇ ವಿಂಡೋಸ್ ಬದಲಿಸಲು ಹೋಗಬೇಡಿ. ಒಂದು ವಾರ ಬಳಸಿ ನೋಡಿ. ಎರಡನ್ನೂ ಒಟ್ಟಿಗೆ ಮಾಡಿ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತಾನೇ ತಿಳಿಯುವುದಿಲ್ಲ.

ತಂಗಿಯ ಲ್ಯಾಪ್‌ಟಾಪ್‌ಗೆ ಕೊನೆಗೆ ಎಸ್‌ಎಸ್‌ಡಿ ಹಾಕಿಸಿದೆವು, ರ‍್ಯಾಮ್ 8 ಆಯಿತು. ವಿಂಡೋಸ್ 10 ಹಾಗೇ ಇದೆ, ಹೆಚ್ಚುವರಿ ಅಪ್‌ಡೇಟ್‌ಗೆ ನೋಂದಣಿಯೂ ಆಗಿದೆ. ತೆಗೆದ ಹಾರ್ಡ್ ಡಿಸ್ಕನ್ನು ರಿಪೇರಿಯವರಿಗೆ ಬಿಟ್ಟುಕೊಡಲು ಹೊರಟಿದ್ದಳು, ಬೇಡ ಎಂದೆ. ಅದರಲ್ಲಿ ಗಿರಾಕಿಗಳ ದಾಖಲೆಗಳಿದ್ದವಲ್ಲ! ಒಂದು ಯುಎಸ್‌ಬಿ ಕೇಸ್ ತಂದು ಅದರೊಳಗೆ ಕೂರಿಸಿದ್ದೇವೆ. ಈಗ ಶನಿವಾರ ಸಂಜೆ ಅಂಗಡಿ ಬಾಗಿಲು ಎಳೆಯುವ ಮುಂಚೆ ಆ ವಾರದ ಫೈಲುಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿ, ಮನೆಗೆ ತಂದು ಬೀರುವಿನಲ್ಲಿ ಇಡುತ್ತಾಳೆ.