ತುಂಬಿದ ಸಣ್ಣ ಕಾರಿನಲ್ಲಿ ಆಗುಂಬೆ ಘಾಟಿ ಹತ್ತುವುದು ಹೇಗೆ?

ಉಡುಪಿ ಕಡೆಯಿಂದ ತೀರ್ಥಹಳ್ಳಿಗೆ ಹೊರಟವರಿಗೆ ಸೋಮೇಶ್ವರ ದಾಟಿದ ಮೇಲೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ. ಸಣ್ಣ ಕಾರಿಗೆ ಉದಾಹರಣೆಯಾಗಿ ಮಾರುತಿ ಆಲ್ಟೊ 800 ತೆಗೆದುಕೊಳ್ಳಿ: ಅದರ 796 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 69 ನ್ಯೂಟನ್ ಮೀಟರ್. ಅದೂ ಸಿಗುವುದು ಎಂಜಿನ್ ನಿಮಿಷಕ್ಕೆ 3,500 ಸುತ್ತು ತಿರುಗುವಾಗ. ಮುಕ್ಕಾಲು ಟನ್ನಿನ ಆಸುಪಾಸಿನ ಈ ಕಾರಿನಲ್ಲಿ ಐವರು ದೊಡ್ಡವರು ಕುಳಿತು ಲಗೇಜೂ ಸೇರಿದರೆ ಅದರ ಅರ್ಧದಷ್ಟು ಭಾರ ಹೆಚ್ಚಾಗುತ್ತದೆ. ಆದರೂ ಎಂಜಿನ್ನಿನ ಸುತ್ತು ತೀರಾ ಇಳಿಯದಂತೆ ನೋಡಿಕೊಂಡರೆ ಕಾರು ಸಲೀಸಾಗಿ ಹತ್ತುತ್ತದೆ.

ಮೊದಲು, ಎಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ಮಟ್ಟ ನೋಡಿ, ಕಾರಿಗೆ ಅಂಟಿಸಿರುವ ಪಟ್ಟಿಯಲ್ಲಿ ಪೂರ್ಣ ಭಾರಕ್ಕೆ ಹೇಳಿರುವಷ್ಟು ಗಾಳಿಯನ್ನು ಚಕ್ರಗಳಿಗೆ ತುಂಬಿಸಿ. ಭಾರದ ಚೀಲಗಳನ್ನು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿ ಇಡಬೇಕು. ಎಳೆಯುವುದು ಮುಂದಿನ ಚಕ್ರಗಳಾದ್ದರಿಂದ ಭಾರವೆಲ್ಲ ಹಿಂದಕ್ಕೆ ಸರಿದರೆ, ಮಳೆಯಲ್ಲಿ ನೆನೆದ ತಿರುವಿನಲ್ಲಿ ಅವು ಹಿಡಿತ ತಪ್ಪಿ ಗಿರ್ರನೆ ತಿರುಗುತ್ತವೆ. ಏರು ಶುರುವಾಗುವ ಮುನ್ನ ಎ.ಸಿ. ಆರಿಸಿ.

ಇನ್ನು ಗೇರಿನ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ತಿರುವಿನ ನಡುವೆ ಗಾಡಿ ಸೋತ ಮೇಲೆ ಗೇರ್ ಇಳಿಸಲು ಹೋದರೆ, ಕ್ಲಚ್ ಒತ್ತಿದ ಆ ಒಂದು ಗಳಿಗೆಯಲ್ಲೇ ಇದ್ದ ವೇಗವೂ ಕರಗಿಹೋಗುತ್ತದೆ. ಆದ್ದರಿಂದ ತಿರುವಿಗೆ ಹತ್ತು ಹದಿನೈದು ಮಾರು ಮೊದಲೇ ವೇಗ ತಗ್ಗಿಸಿ, ಮೊದಲನೇ ಗೇರ್ ಹಾಕಿಕೊಳ್ಳಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಎರಡನೇ ಗೇರಿನಲ್ಲಿದ್ದರೆ ಎಂಜಿನ್ ಸುಮಾರು 1,200 ಸುತ್ತಿನಲ್ಲಿ ಗುಡುಗುಡು ಎನ್ನುತ್ತದೆ, ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. ಅದೇ ವೇಗಕ್ಕೆ ಮೊದಲನೇ ಗೇರಿನಲ್ಲಿ ಸುತ್ತು 2,000 ದಾಟುತ್ತದೆ. ಎಂಜಿನ್ ಗಟ್ಟಿಯಾಗಿ ಕೂಗಿತೆಂದು ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಆ ಗುಡುಗುಡು ಸದ್ದಿಗೆ. ಎಡಕ್ಕೆ ಹೊರಳುವ ತಿರುವಿನ ಒಳ ಅಂಚು ಬಲು ಕಡಿದಾಗಿರುತ್ತದೆ. ನಿಮ್ಮ ಪಾಲಿನ ರಸ್ತೆಯೊಳಗೇ ತುಸು ಹೊರಬದಿಯಿಂದ ತಿರುಗಿಸಿ.

ನಡುವೆ ನಿಲ್ಲಬೇಕಾಗಿ ಬಂದರೆ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದ ಕಾರೊಂದರಲ್ಲಿ ಸುಟ್ಟ ರಬ್ಬರಿನಂಥ ಘಾಟು ಒಳಗೆಲ್ಲ ತುಂಬಿದ್ದನ್ನು ನಾನೇ ಅನುಭವಿಸಿದ್ದೇನೆ. ಆ ಕ್ಲಚ್ ಪ್ಲೇಟ್ ಮತ್ತೆ ಮೊದಲಿನಂತಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನಿಂತು, ಹೊರಡುವಾಗ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಪೆಡಲನ್ನು ನಿಧಾನವಾಗಿ ಬಿಡುತ್ತ, ಕ್ಲಚ್ ಕಚ್ಚಿಕೊಂಡು ಕಾರಿನ ಮೂತಿ ತುಸು ಎದ್ದಂತಾದಾಗ ಹ್ಯಾಂಡ್‌ಬ್ರೇಕ್ ಬಿಡಿ. ಕಿರಿದಾದ ಏರಿನಲ್ಲಿ ಇಳಿಯುವ ವಾಹನವೇ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಸಂಚಾರ ನಿಯಮ; ಆದರೆ ಎದುರಿನವರು ಅದನ್ನು ಪಾಲಿಸುತ್ತಾರೆಂದು ನಂಬಿ ಮುನ್ನುಗ್ಗಬಾರದು.

ಉಷ್ಣತೆಯ ಮುಳ್ಳು ಏರತೊಡಗಿದರೆ ಹೀಟರನ್ನು ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ. ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಹರಿದು ಇಳಿಯುತ್ತದೆ. ಆದರೂ ಇಳಿಯದಿದ್ದರೆ ತಿರುವಿನಿಂದ ದೂರ, ಹಿಂದಿನವರಿಗೆ ಕಾಣುವ ಅಗಲ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆಯಾದರೂ ಕಾಯಿರಿ. ಬಿಸಿ ಆರುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.