ಹೊಸ ಬ್ಯಾಟ್ರಿ ಕೊಟ್ಟಿಗೆಗೆ ಇಳಿಯುವ ಮುನ್ನ

ಹೊಸನಗರದ ಕಡೆ ಟಾರ್ಚಿಗೆ ಈಗಲೂ ಬ್ಯಾಟ್ರಿ ಅಂತಲೇ ಹೆಸರು. ರಾತ್ರಿ ಹನ್ನೊಂದರ ಮೇಲೆ ಫೋನ್ ಬಂತು ಅಂದರೆ ಮಾತು ಹೀಗಿರುತ್ತೆ: "ಡಾಕ್ಟ್ರೇ, ಹಸು ಕರು ಹಾಕ್ತಾ ಇದೆ, ಒಂದೇ ಕಾಲು ಬಂದಿದೆ. ಕರೆಂಟ್ ಇಲ್ಲ, ನಿಮ್ ಬ್ಯಾಟ್ರಿ ಹಿಡ್ಕೊಂಡೇ ಬನ್ನಿ." ನಾನು ದನದ ಡಾಕ್ಟರು. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಮನೆಯ ನಿದ್ದೆಗಣ್ಣಿನ ಹುಡುಗನ ಕೈಗೆ ಕೊಟ್ಟು, ಎಲ್ಲ ಥರ ಕೆಲಸ ಮಾಡಿ ನೋಡಿದ್ದೇನೆ. ಹುಡುಗನ ಕೈಗೆ ಕೊಟ್ಟರೆ ಬೆಳಕು ಎರಡು ನಿಮಿಷ ಹಸುವಿನ ಮೇಲಿರುತ್ತೆ, ಆಮೇಲೆ ಮಾಡಿನ ಹೆಂಚಿನ ಮೇಲೆ.

ಅದಕ್ಕೇ ಈ ಮಳೆಗಾಲಕ್ಕೆ ಪಕ್ಕದಲ್ಲೂ ಒಂದು ಪಟ್ಟಿ ಲೈಟಿರುವ ಚಾರ್ಜಿಂಗ್ ಟಾರ್ಚ್ ತರಿಸಿದೆ. ಮೊದಲನೆಯದನ್ನು ವಾಪಸ್ ಕಳಿಸಿ ಎರಡನೆಯದನ್ನು ಇಟ್ಟುಕೊಂಡೆ. ವಾಪಸ್ ಕಳಿಸಲು ಹತ್ತು ದಿನ ಕೊಟ್ಟಿದ್ದರು. ಅಷ್ಟರೊಳಗೆ ಏನೇನು ನೋಡಬೇಕು ಅನ್ನುವುದನ್ನು ಆ ಎರಡು ಟಾರ್ಚುಗಳೇ ಕಲಿಸಿದವು.

ಹೊಸ ಟಾರ್ಚ್ ಬಂದ ರಾತ್ರಿ ಎಲ್ಲರೂ ಮಾಡುವುದು ಒಂದೇ: ಅಂಗಳಕ್ಕೆ ಇಳಿದು ತೋಟದಾಚೆಯ ತೆಂಗಿನ ತುದಿಗೆ ಬೆಳಕು ಬಿಟ್ಟು "ಅಬ್ಬಬ್ಬಾ" ಅನ್ನುವುದು. ನಾನೂ ಅಂದೆ. ಅದರಲ್ಲಿ ತಪ್ಪಿಲ್ಲ, ಆದರೆ ಅದು ಪರೀಕ್ಷೆಯಲ್ಲ. ತೆಂಗಿನ ತುದಿಯಲ್ಲಿ ನಮಗೆ ಕೆಲಸವಿಲ್ಲ. ಕೊಟ್ಟಿಗೆಯಿರಲಿ, ಪಂಪ್‌ಹೌಸಿರಲಿ, ಫ್ಯೂಸ್ ಹಾರಿದ ಮೀಟರ್ ಬೋರ್ಡಿರಲಿ, ರಾತ್ರಿ ಕೆಲಸವೆಲ್ಲ ಕೈಯಳತೆಯೊಳಗೇ. ಅಲ್ಲಿ ಬೇಕಾಗುವುದು ಪಕ್ಕದ ಲೈಟು. ಹಾಗಾಗಿ ಹತ್ತರಲ್ಲಿ ಏಳು ದಿನ ಅದಕ್ಕೇ ಕೊಡಿ.

ಮೊದಲು ಡಬ್ಬಿ ಓದಿ. ನನ್ನ ಮೊದಲ ಟಾರ್ಚಿನ ಡಬ್ಬಿಯ ಮೇಲೆ 10,000 ಲ್ಯೂಮೆನ್ ಅಂತಿತ್ತು; ಲ್ಯೂಮೆನ್ ಅಂದರೆ ಟಾರ್ಚ್ ಒಟ್ಟು ಎಷ್ಟು ಬೆಳಕು ಕೊಡುತ್ತೆ ಅನ್ನುವ ಅಳತೆ. ಒಳಗಿದ್ದದ್ದು 18650 ಅನ್ನುವ ಒಂದೇ ಒಂದು ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಅನ್ನುವುದೇ ಆ ಹೆಸರಿನ ಅರ್ಥ. ಅದರ ಮೇಲೆ 2600 ಎಂಎಎಚ್, 3.6 ವೋಲ್ಟ್ ಎಂದಿತ್ತು. 2600 ಎಂಎಎಚ್ ಅಂದರೆ 2.6 ಆಂಪಿಯರ್ ಅವರ್; ಅದನ್ನು 3.6ರಿಂದ ಗುಣಿಸಿದರೆ ಒಂಬತ್ತು ಚಿಲ್ಲರೆ ವ್ಯಾಟ್ ಅವರ್, ಸೆಲ್ಲಿನೊಳಗಿನ ಶಕ್ತಿ ಅಷ್ಟೇ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು ನೂರು ಲ್ಯೂಮೆನ್ ಕೊಡುತ್ತೆ ಅಂದುಕೊಳ್ಳಿ. ಹತ್ತು ಸಾವಿರಕ್ಕೆ ನೂರು ವ್ಯಾಟ್ ಬೇಕು. ಕಾಗದದ ಮೇಲೆ ಐದೂವರೆ ನಿಮಿಷಕ್ಕೆ ಸೆಲ್ ಖಾಲಿ, ಅದಕ್ಕೂ ಮೊದಲೇ ಅಂಗೈ ಬೆಂದಿರುತ್ತೆ. ಸೆಲ್ ಹೊರತೆಗೆಯಲು ಬರುವ ಟಾರ್ಚಾದರೆ ಅದರ ಮೇಲಿನ ಬರಹವನ್ನೂ ನೋಡಿ. 18650 ಸೆಲ್‌ಗಳಲ್ಲಿ ಒಳ್ಳೆಯವೇ 3500 ಎಂಎಎಚ್ ಆಸುಪಾಸು ನಿಲ್ಲುತ್ತವೆ. 9900 ಅಂತ ಬರೆದಿದ್ದರೆ ಅಲ್ಲಿಗೇ ಮುಚ್ಚಿ ವಾಪಸ್ ಕಳಿಸಿ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೂ ಗುಟ್ಟು ಗೊತ್ತಾಗುತ್ತೆ: ಸರಿಯಾದ ಸೆಲ್ 45 ಗ್ರಾಮಿನ ಹತ್ತಿರ ತೂಗುತ್ತೆ, ಟೊಳ್ಳಿದ್ದರೆ ಅದಕ್ಕಿಂತ ಬಹಳ ಕಡಿಮೆ.

ಚಾರ್ಜಿಗೆ ಹಾಕುವಾಗ ಒಂದು ತಮಾಷೆ ಕಾದಿರುತ್ತೆ. ಟೈಪ್ ಸಿ ತೂತಿದ್ದರೂ ಕೆಲವು ಟಾರ್ಚುಗಳು ಎರಡೂ ತುದಿ ಸಿ ಇರುವ ಹೊಸ ಕೇಬಲ್ಲಿನಲ್ಲಿ ಚಾರ್ಜೇ ಆಗುವುದಿಲ್ಲ. ಚಾರ್ಜರಿಗೆ "ನಾನಿಲ್ಲಿದ್ದೇನೆ" ಅಂತ ಹೇಳುವ ಚಿಕ್ಕ ರೆಸಿಸ್ಟರುಗಳನ್ನು ಒಳಗೆ ಹಾಕದೆ ಉಳಿಸಿರುತ್ತಾರೆ. ಹಳೆಯ ಅಗಲ ಬಾಯಿಯ ಚಾರ್ಜರಿನ ಕೇಬಲ್ ಸಿಕ್ಕಿಸಿದರೆ ಸರಾಗವಾಗಿ ಆಗುತ್ತೆ. ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಕೇಬಲ್ ಬದಲಾಯಿಸಿ ನೋಡಿ. ಮೊದಲ ಚಾರ್ಜು ಎಚ್ಚರವಿದ್ದಾಗಲೇ, ನೆಲದ ಮೇಲಿಟ್ಟೇ ಆಗಲಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಅದು ಮನೆಯೊಳಗಿರುವ ವಸ್ತುವಲ್ಲ.

ಇನ್ನು ಬೆಳಕು ಎಷ್ಟು ಹೊತ್ತು ನಿಲ್ಲುತ್ತೆ ಅನ್ನುವುದು. ಬೆಳಕು ನಿಧಾನ ಕುಗ್ಗಿದರೆ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತೆ, ಅರ್ಧಕ್ಕಿಳಿದರೂ ಗೊತ್ತಾಗುವುದಿಲ್ಲ. ಮೊಬೈಲಿಗೆ ಬೆಳಕು ಅಳೆಯುವ ಒಂದು ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು, ಬಚ್ಚಲುಮನೆಯ ಬಾಗಿಲು ಹಾಕಿ, ಟಾರ್ಚನ್ನು ಚಾವಣಿಗೆ ಮುಖ ಮಾಡಿ ನಿಲ್ಲಿಸಿ, ಮೊಬೈಲನ್ನು ನೆಲದ ಮೇಲಿಡಿ. ಹಚ್ಚಿದ ಕೂಡಲೇ ಬಂದ ಅಂಕಿಯನ್ನೂ ಮೂರು, ಹತ್ತು, ಮೂವತ್ತನೇ ನಿಮಿಷದ ಅಂಕಿಗಳನ್ನೂ ಬರೆದಿಡಿ. ನನ್ನ ಮೊದಲ ಟಾರ್ಚು 310ರಿಂದ ಮೂರು ನಿಮಿಷಕ್ಕೆ 120ಕ್ಕೆ ಇಳಿಯಿತು. ಬಿಸಿಯಾದಾಗ ಸ್ವಲ್ಪ ತಗ್ಗುವುದು ಒಳ್ಳೆಯದೇ, ಎಲ್‌ಇಡಿ ಉಳಿಯಬೇಕಲ್ಲ. ಆದರೆ ಮೂರು ನಿಮಿಷದ ಪ್ರತಾಪಕ್ಕೆ ದುಡ್ಡು ಕೊಡಬೇಡಿ. ಡಬ್ಬಿಯಲ್ಲಿ ಬರೆದ ಗಂಟೆಗಳ ಲೆಕ್ಕವನ್ನೂ ಹಾಗೇ ನಂಬಬೇಡಿ: ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕ ಎಣಿಸುವುದು ಈ ವ್ಯಾಪಾರದಲ್ಲಿ ಒಪ್ಪಿತ ಅಳತೆ.

ಪಕ್ಕದ ಲೈಟನ್ನೂ ಹೀಗೇ ಅಳೆಯಿರಿ. ನನಗಿದು ಶೋಕಿಯ ಮಾತಲ್ಲ. ಕರು ಹಾಕಿದ ಮಾರನೇ ದಿನ ಹಾಲುಜ್ವರದಲ್ಲಿ ಮಲಗಿಬಿಟ್ಟ ಹಸುವಿಗೆ 450 ಎಂಎಲ್ ಕ್ಯಾಲ್ಸಿಯಂ ಬಾಟಲಿಯನ್ನು ಕುತ್ತಿಗೆಯ ರಕ್ತನಾಳಕ್ಕೆ ನಿಧಾನವಾಗಿ ಬಿಡಬೇಕು. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು. ಅಷ್ಟೂ ಹೊತ್ತು ಸೂಜಿ ಕಾಣಬೇಕು, ಹನಿ ಕಾಣಬೇಕು, ಒಂದು ಕೈಯಲ್ಲಿ ಬಾಟಲಿ, ಕಿವಿಯಲ್ಲಿ ಸ್ಟೆತೊಸ್ಕೋಪು. ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಉರಿಯದ ಲೈಟು ನನಗೆ ಬೇಡ.

ಈಗ ಬಣ್ಣ. ಅಗ್ಗದ ಪಟ್ಟಿ ಲೈಟುಗಳ ಬೆಳಕು ನೀಲಿಗೆ ತಿರುಗಿರುತ್ತೆ, ಅದರಲ್ಲಿ ಎಲ್ಲವೂ ಹೆಣದ ಬಣ್ಣ. ಉಣ್ಣಿ ಕಚ್ಚಿ ಜ್ವರ ಬಂದ ಹಸುವಿನ ಕಣ್ಣರೆಪ್ಪೆ ತಿರುವಿ ನೋಡಿದಾಗ ಅದು ಬಿಳಿಚಿದೆಯೋ, ಹಳದಿಯೋ, ಗುಲಾಬಿಯೋ ಅಂತ ಗೊತ್ತಾಗಬೇಕು. ನಮ್ಮ ಕಡೆಯವರಿಗೆ ಸುಲಭದ ಪರೀಕ್ಷೆ ಇದೆ: ಹಗಲು ಜಗಲಿಯಲ್ಲಿ ಅಡಿಕೆಯ ರಾಶಿ, ಬೆಟ್ಟೆ, ಗೊರಬಲು ಅನ್ನುವ ಮೂರು ಬಗೆಯನ್ನೂ ಒಂದೊಂದು ಹಿಡಿ ಬೇರೆ ಮಾಡಿ, ಮತ್ತೆ ಬೆರೆಸಿಡಿ. ರಾತ್ರಿ ಪಕ್ಕದ ಲೈಟಿನಲ್ಲಿ ಇನ್ನೊಮ್ಮೆ ಆರಿಸಿ. ಬೆಳಿಗ್ಗೆ ನೋಡಿದಾಗ ಎಷ್ಟು ತಪ್ಪಾಗಿದೆಯೋ ಅಷ್ಟು ಕೆಟ್ಟ ಲೈಟು. ಅಡಿಕೆ ಇಲ್ಲದವರಿಗೆ ಸ್ವಂತ ಅಂಗೈಯ ಬಣ್ಣ ನೋಡಿಕೊಂಡರೆ ಸಾಕು.

ಕೆಂಪು ಲೈಟಿನ ಬಗ್ಗೆ ಬೇರೆಯೇ ಹೇಳಬೇಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಮಂದ ಕೆಂಪು ಬೆಳಕು ಅದನ್ನು ಹೆಚ್ಚು ಕೆಡಿಸುವುದಿಲ್ಲ. ನಕ್ಷತ್ರ ನೋಡುವವರಿಗೆ, ಮಲಗಿದವರನ್ನು ಎಬ್ಬಿಸದೆ ಚೊಂಬು ಹುಡುಕುವವರಿಗೆ ಒಳ್ಳೆಯದು. ಆದರೆ ಕೆಂಪು ಬೆಳಕಿನಲ್ಲಿ ರಕ್ತ ನೀರಿನ ಹಾಗೆ ಕಾಣುತ್ತೆ. ಗಾಯದ ಹತ್ತಿರ ಅದನ್ನು ಹಚ್ಚಲೇಬೇಡಿ.

ಗುಂಡಿಯ ಪರೀಕ್ಷೆಯನ್ನು ನಾನು ಬಿಟ್ಟಿದ್ದೆ, ಅದರ ಫಲ ಉಂಡೆ. ಮೊದಲ ಟಾರ್ಚಿನಲ್ಲಿ ಒಂದೇ ಗುಂಡಿ. ಒತ್ತುತ್ತಾ ಹೋದರೆ ಜೋರು, ಮಂದ, ಮಿಣಮಿಣ, ಆಮೇಲೆ ಪಕ್ಕದ ಲೈಟು. ಕೈಗವಸಿನ ತುಂಬ ಲೋಳೆ ಮೆತ್ತಿಕೊಂಡು ಪಕ್ಕದ ಲೈಟಿಗೆ ಹೋಗಬೇಕೆಂದು ಒತ್ತಿದವನು ಒಂದು ಒತ್ತು ಕಡಿಮೆ ಒತ್ತಿದೆ. ಮಿಣಮಿಣ ಬೆಳಕು ನೇರ ಹಸುವಿನ ಮುಖಕ್ಕೆ ಹೊಡೆಯಿತು. ಜರ್ಸಿ ಹಸು, ಅದುವರೆಗೆ ಸಾಧು. ಹಗ್ಗ ಕಿತ್ತುಕೊಂಡು ಅದು ತಿರುಗಿದ ರಭಸಕ್ಕೆ ನಾನು ಗೊಬ್ಬರದ ಗುಂಡಿಯ ಅಂಚಿನಲ್ಲಿ ಕೂತಿದ್ದೆ. ಆದ್ದರಿಂದ ಕೈಗೆ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿ, ಇಪ್ಪತ್ತು ಸಲ ಪಕ್ಕದ ಲೈಟು ಹಚ್ಚಿ ಆರಿಸಿ. ಮೂರಕ್ಕಿಂತ ಹೆಚ್ಚು ಸಲ ತಪ್ಪಿದರೆ, ಅಥವಾ ಹಿಡಿದ ಬೆರಳುಗಳೇ ಆ ಲೈಟನ್ನು ಮುಚ್ಚುತ್ತಿದ್ದರೆ, ಆ ಟಾರ್ಚ್ ನಿಮ್ಮದಲ್ಲ. ಎರಡು ಬೇರೆ ಗುಂಡಿ ಇರುವುದು ಸಿಕ್ಕಿದರೆ ನೂರಿನ್ನೂರು ಹೆಚ್ಚು ಕೊಟ್ಟರೂ ಸರಿ.

ಹಿಂಬದಿಯ ಮ್ಯಾಗ್ನೆಟ್ಟನ್ನು ನೋಡಿ ಹಿಗ್ಗಬೇಡಿ. ಮೊಳೆ ನುಂಗಿದ ಹಸುವಿನ ಹೊಟ್ಟೆಗೆ ನಾವೂ ಮ್ಯಾಗ್ನೆಟ್ ಇಳಿಸುತ್ತೇವೆ, ಅದರ ಮೇಲೆ ನನಗೆ ಗೌರವವಿದೆ. ಆದರೆ ಇಲ್ಲಿನ ಹಳೆ ಕೊಟ್ಟಿಗೆಗಳ ಕಂಬ ಮರದ್ದು, ಅಲ್ಲಿ ಅದರ ಆಟ ನಡೆಯುವುದಿಲ್ಲ. ಕೊಕ್ಕೆಯೋ ದಾರದ ತೂತೋ ಇರಲೇಬೇಕು. ಕಬ್ಬಿಣದ ಪೈಪಿಗೆ ಅಂಟಿಸುವುದಾದರೆ ಅಡ್ಡ ಅಂಟಿಸಿ, ಪೈಪನ್ನು ಜೋರಾಗಿ ತಟ್ಟಿ. ಜಾರಿದರೆ ಹಸು ಒದ್ದಾಗಲೂ ಜಾರುತ್ತೆ.

ನೀರಿನ ವಿಷಯ ಚಿಕ್ಕದು. ಎಷ್ಟು ನೀರು ತಡೆಯುತ್ತೆ ಅನ್ನುವುದನ್ನು ಐಪಿಎಕ್ಸ್ ಅಂಕಿ ಹೇಳುತ್ತೆ. ಐಪಿಎಕ್ಸ್ 4 ಅಂದರೆ ಎರಚಲು ಮಾತ್ರ, ಐಪಿಎಕ್ಸ್ 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಬರೆದಷ್ಟಕ್ಕೇ ಪರೀಕ್ಷೆ ಮಾಡಿ. 4 ಇದ್ದದ್ದನ್ನು ಬಕೆಟ್ಟಿನಲ್ಲಿ ಮುಳುಗಿಸಿ ಅಂಗಡಿಯವನನ್ನು ಬೈಯಬೇಡಿ. ನಲ್ಲಿಯ ಕೆಳಗೆ ಹಿಡಿದು, ಒರೆಸಿ, ಬೆಳಿಗ್ಗೆ ಗಾಜಿನೊಳಗೆ ಮಂಜು ಕೂತಿದೆಯಾ ನೋಡಿ. ಪಕ್ಕದ ಲೈಟಿನ ಅಂಚಿನ ಸಂದಿಯಲ್ಲಿ ಕೊಳೆ ನಿಲ್ಲುತ್ತಾ ಅಂತಲೂ ನೋಡಿ; ಎರಡನೇ ಟಾರ್ಚಿನಲ್ಲೂ ನಿಲ್ಲುತ್ತೆ, ಹಳೇ ಟೂತ್‌ಬ್ರಷ್ ಇಟ್ಟುಕೊಂಡಿದ್ದೇನೆ.

ಕೊನೆಗೊಂದು ರಾತ್ರಿ ನಡೆದು ನೋಡಿ. ಮಂಜಿನಲ್ಲಿ ಜೋರು ಬೆಳಕು ಬಿಟ್ಟರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತೆ. ಪಕ್ಕದ ಲೈಟನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಮುಂದಕ್ಕೆ ತಿರುಗಿಸಿ ಹಿಡಿದರೆ ಕಲ್ಲು, ಬೇರು, ದರಕಿನ (ಒಣ ಎಲೆಗಳ) ಮೇಲೆ ಸುರುಳಿ ಸುತ್ತಿದ ಕನ್ನಡಿ ಹಾವು, ಎಲ್ಲಕ್ಕೂ ನೆರಳು ಬಂದು ಬೇರೆಯಾಗಿ ಕಾಣುತ್ತೆ. ಎದೆಯ ಎತ್ತರದಲ್ಲಿ ಹಿಡಿದರೆ ನಿಮ್ಮ ಕಣ್ಣೇ ಕುಕ್ಕುತ್ತೆ, ಮಳೆಹುಳ ಬಾಯಿಗೆ ಬರುತ್ತೆ.

ಎರಡನೇ ಟಾರ್ಚಿನದು 1,000 ಲ್ಯೂಮೆನ್ ಅಂತ ಬರಹ, ಬೆಲೆ 1,450. ಬ್ಯಾಗಿನಲ್ಲಿ ಗುಂಡಿ ಒತ್ತಿಹೋಗಿ ಬೆಳಕು ತಾನೇ ಹತ್ತಿ, ಆ ಬಿಸಿಗೆ ಕೈಗವಸಿನ ಪೊಟ್ಟಣ ಮೆತ್ತಗಾದ ಮೇಲೆ, ಹೊರಡುವಾಗ ಹಿಂದಿನ ಮುಚ್ಚಳವನ್ನು ಸೆಲ್ಲಿನ ಸಂಪರ್ಕ ಕಡಿಯುವ ಹಾಗೆ ಕಾಲು ಸುತ್ತು ಸಡಿಲ ಮಾಡಿಯೇ ಇಡುತ್ತೇನೆ. ಬೈಕಿನ ಡಬ್ಬಿಯಲ್ಲಿ ಹಳೆಯ ಎರಡು ಸೆಲ್ಲಿನ ಬ್ಯಾಟ್ರಿಯೂ ಇದೆ. ಅದನ್ನು ಈಗಲೂ ಹುಡುಗನ ಕೈಗೇ ಕೊಡುವುದು.