ಲ್ಯಾಪ್‌ಟಾಪ್ ಹೋದರೂ ಡೇಟಾ ಹೋಗಬಾರದು: ನನ್ನ ಅನುಭವ

"ಪಾಸ್‌ವರ್ಡ್ ಇದೆಯಲ್ಲ, ಮತ್ತೇನು ಭಯ?" ಲ್ಯಾಪ್‌ಟಾಪ್ ಕಳುವಾದರೆ ಒಳಗಿನ ಡೇಟಾ ಗತಿ ಏನು ಅಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಇದನ್ನೇ ಕೇಳುತ್ತಿದ್ದರು. ಮುಂಬೈಯ ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪೆನ್ಷನ್ ಫೈಲು, ಆಧಾರ್ ಪ್ರತಿ, ಬ್ಯಾಂಕ್ ಖಾತೆ ನಂಬರು, ಎಲ್ಲವೂ ಲ್ಯಾಪ್‌ಟಾಪ್‌ಗಳಲ್ಲಿ ಕೂತು ದಿನಾ ಲೋಕಲ್ ಟ್ರೇನಿನಲ್ಲಿ ಓಡಾಡುತ್ತವೆ.

ಪಾಸ್‌ವರ್ಡ್ ಒಂದೇ ಸಾಲದು ಅಂತ ಬಾಯಲ್ಲಿ ಹೇಳಿ ಸಾಕಾಗಿ, ಸಾಹೇಬರ ಮೇಜಿನ ಮೇಲೆಯೇ ಒಂದು ಹಳೇ ಲ್ಯಾಪ್‌ಟಾಪ್ ಬಿಚ್ಚಿದೆ. ಅಡಿಯ ಸ್ಕ್ರೂ ತೆಗೆದು, ಹಾರ್ಡ್ ಡಿಸ್ಕ್ ಹೊರಗೆಳೆದು, ಯುಎಸ್‌ಬಿ ಕೇಬಲ್ ಹಾಕಿ ನನ್ನ ಮಷಿನ್‌ಗೆ ಜೋಡಿಸಿದೆ. ಪಾಸ್‌ವರ್ಡ್ ಕೇಳಲೇ ಇಲ್ಲ. ತೆರೆಯಲು ಅನುಮತಿ ಬೇಕಾ ಅಂತ ಒಂದು ಸಲ ಕೇಳಿತು, ಒತ್ತಿದೆ, ಅಷ್ಟೇ. ಸಾಹೇಬರದ್ದೇ ಸಹಿ ಇದ್ದ ಪತ್ರ ಪರದೆ ಮೇಲೆ ಬಂತು. ಅವರು ಆಗಲೇ ಒಪ್ಪಿಗೆ ಕೊಟ್ಟರು.

ಎಲ್ಲಾ ಲ್ಯಾಪ್‌ಟಾಪ್‌ಗಳಿಗೂ ವಿಂಡೋಸ್‌ನದ್ದೇ ಆದ ಬಿಟ್‌ಲಾಕರ್ ಹಾಕಿ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದೆ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಮಾಡಿದೆ. ವಿಂಡೋಸ್ ಹೋಮ್ ಇದ್ದ ಮಷಿನ್‌ಗಳಲ್ಲಿ ಅದು ಪೂರ್ತಿಯಾಗಿ ಸಿಗುವುದಿಲ್ಲ, ಮೊದಲು ವಿಂಡೋಸ್ ಪ್ರೊ ಆವೃತ್ತಿ ಹಾಕಿಸಬೇಕಾಯಿತು. ಆನ್ ಮಾಡಿದ ತಕ್ಷಣ ಪಿನ್ ಕೇಳುವ ಹಾಗೆ ಮಾಡಿದೆ. ಇದಕ್ಕೆ ಗೊಣಗಾಟ ಜಾಸ್ತಿ ಬಂತು, ಆದರೂ ಬಿಡಲಿಲ್ಲ. ಮುಚ್ಚಳ ಮುಚ್ಚಿದರೆ ಸ್ಲೀಪ್ ಆಗದೆ ಹೈಬರ್ನೇಟ್ ಆಗಬೇಕು (ತೆರೆದ ಕೆಲಸವನ್ನು ಡಿಸ್ಕ್‌ಗೆ ಉಳಿಸಿ ಮಷಿನ್ ಆಫ್ ಆಗುವುದು) ಎಂದೂ ಹಾಕಿದೆ. ಸ್ಲೀಪ್‌ನಲ್ಲಿ ಡಿಸ್ಕ್ ತೆರೆಯುವ ಕೀ ಮೆಮೊರಿಯಲ್ಲೇ ಉಳಿದಿರುತ್ತದೆ, ಬೀಗ ಹಾಕಿ ಕೀಲಿಯನ್ನು ಅಲ್ಲೇ ಬಿಟ್ಟುಹೋದ ಹಾಗೆ. ಪಿನ್ ಮರೆತರೆ ಡಿಸ್ಕ್ ತೆರೆಯುವ 48 ಅಂಕೆಗಳ ರಿಕವರಿ ಕೀ ನಮ್ಮ ಆಫೀಸಿನ ಸರ್ವರಿನಲ್ಲಿ ಮಾತ್ರ ಇರಬೇಕು ಎಂದು ಮಾಡಿದೆ. ಅದನ್ನು ಪ್ರಿಂಟ್ ತೆಗೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಟ್ಟುಕೊಂಡವರೂ ಇದ್ದರು! ಬ್ಯಾಗ್ ಹುಡುಕಿ ಆ ಚೀಟಿ ತೆಗೆಸಿದೆ.

ಆಮೇಲೆ ಒಂದು ಸಂಜೆ ಫೋನ್ ಬಂತು. ನಮ್ಮ ವಿಜಯಪುರ ಕಡೆಯ ಸಹೋದ್ಯೋಗಿ. "ಸರ, ಬ್ಯಾಗ್ ಹೋತ್ರಿ. ರ‍್ಯಾಕ್ ಮ್ಯಾಲ ಇಟ್ಟಿದ್ದೆ, ದಾದರದಾಗ ನೋಡಿದ್ರ ಇಲ್ಲ." ಮೊದಲು ಕೇಳಿದ್ದು ಒಂದೇ: ಆಫ್ ಮಾಡಿದ್ರಾ? ಮಾಡಿದ್ದರು. ರಿಜಿಸ್ಟರಿನಲ್ಲಿದ್ದ ಸೀರಿಯಲ್ ನಂಬರ್ ಕೊಟ್ಟು ರೈಲ್ವೆ ಪೊಲೀಸರಲ್ಲಿ ಎಫ್‌ಐಆರ್ ಮಾಡಿಸಿದೆವು. ಆ ಸಹೋದ್ಯೋಗಿಯ ಮೇಲ್ ಪಾಸ್‌ವರ್ಡ್, ಹೊರಗಿನಿಂದ ಆಫೀಸಿನ ನೆಟ್‌ವರ್ಕ್ ಸೇರುವ ವಿಪಿಎನ್ ಪಾಸ್‌ವರ್ಡ್ ಅಂದೇ ರಾತ್ರಿ ಬದಲಾಯಿಸಿದೆ. ಆ ಮಷಿನ್ ಎನ್‌ಕ್ರಿಪ್ಟ್ ಆಗಿತ್ತು ಅನ್ನುವ ದಾಖಲೆಯನ್ನು ಸರ್ವರಿನಿಂದ ತೆಗೆದು ವರದಿಗೆ ಸೇರಿಸಿದೆ. ಈ ದಾಖಲೆ ತುಂಬಾ ಮುಖ್ಯ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಡೇಟಾ ಸೋರಿಕೆಯನ್ನು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಏನು ಹೋಗಿದೆ, ಏನು ಹೋಗಿಲ್ಲ ಅಂತ ಆ ಗಡಿಬಿಡಿಯಲ್ಲಿ ಹುಡುಕುತ್ತಾ ಕೂರಲು ಆಗಲ್ಲ ಅಲ್ವಾ?

ಎನ್‌ಕ್ರಿಪ್ಟ್ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಇದೆ. 2006ರಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಹಾರ್ಡ್ ಡ್ರೈವ್ ಕಳುವಾದವು. ಅದರಲ್ಲಿ ಸುಮಾರು 2.65 ಕೋಟಿ ಜನರ ವಿವರ ಇತ್ತು, ಎನ್‌ಕ್ರಿಪ್ಟ್ ಆಗಿರಲಿಲ್ಲ. ಮುಂದಿನ ತಿಂಗಳು ಎರಡೂ ಸಿಕ್ಕವು, ಆದರೆ ಅಲ್ಲಿಯವರೆಗೆ ಅಷ್ಟೂ ಜನ ಆತಂಕದಲ್ಲೇ ಇರಬೇಕಾಯಿತು.

ನಮ್ಮ ಲ್ಯಾಪ್‌ಟಾಪ್ ಇನ್ನೂ ಸಿಕ್ಕಿಲ್ಲ. ಪೆನ್ಷನ್‌ದಾರರ ವಿವರ ಮಾತ್ರ ಕಳ್ಳನ ಕೈಗೆ ಓದಲು ಸಿಗುವ ರೂಪದಲ್ಲಿ ಇಲ್ಲ. ಈಗ ಪೆನ್ ಡ್ರೈವ್‌ಗಳ ಹಿಂದೆ ಬಿದ್ದಿದ್ದೇನೆ. ಎನ್‌ಕ್ರಿಪ್ಟ್ ಆಗದ ಪೆನ್ ಡ್ರೈವ್‌ಗೆ ನಮ್ಮ ಮಷಿನ್‌ಗಳು ಏನನ್ನೂ ಬರೆಯದ ಹಾಗೆ ಸೆಟ್ಟಿಂಗ್ ಹಾಕುತ್ತಿದ್ದೇನೆ. ಅಕೌಂಟ್ಸ್ ವಿಭಾಗ ಮುಗಿಯಿತು, ಎಸ್ಟಾಬ್ಲಿಷ್‌ಮೆಂಟ್ ವಿಭಾಗ ಬಾಕಿ ಇದೆ.